ಕಾರಿಗೆ ವಾರಂಟಿ ಸಿಗಲ್ಲ ಅಂದರೆ ಮುಂದೇನು? ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಾರಿನ ವಾರಂಟಿ ಕುರಿತು ಬಂದ ಪತ್ರಗಳಲ್ಲಿ ಏಳನ್ನು ಆಯ್ದುಕೊಂಡಿದ್ದೇವೆ. ಗ್ರಾಹಕ ಪ್ರಕರಣಗಳನ್ನು ನಡೆಸುವ ವಕೀಲರು ಮತ್ತು ಆಟೊಮೊಬೈಲ್ ಎಂಜಿನಿಯರ್ ಒಟ್ಟಿಗೆ ಕೂತು ಉತ್ತರಿಸಿದ್ದಾರೆ. ಪತ್ರ ಬರೆದವರ ಊರಿನ ಹೆಸರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನದು ಡೀಸೆಲ್ ಎಸ್‌ಯುವಿ. 3 ವರ್ಷ ಅಥವಾ 1 ಲಕ್ಷ ಕಿ.ಮೀ. ವಾರಂಟಿ ಇದೆ. 46,000 ಕಿ.ಮೀ. ಓಡಿದೆ. ಕಳೆದ ತಿಂಗಳು ಹೈವೇಯಲ್ಲಿ ಹೋಗುವಾಗ ಪಿಕಪ್ ಪೂರ್ತಿ ಬಿದ್ದುಹೋಯಿತು, ಎಂಜಿನ್ ಲೈಟ್ ಹತ್ತಿಕೊಂಡಿತು. ಟರ್ಬೊ ಹೋಗಿದೆ, 78,000 ರೂಪಾಯಿ ಆಗುತ್ತದೆ ಎಂದು ಸರ್ವಿಸ್ ಸೆಂಟರ್‌ನವರು ಹೇಳಿದರು. ಮೂರನೇ ಸರ್ವಿಸನ್ನು 1,400 ಕಿ.ಮೀ. ತಡವಾಗಿ ಮಾಡಿಸಿದ್ದೆ. ಅದಕ್ಕೇ ವಾರಂಟಿ ರದ್ದಾಗಿದೆಯಂತೆ. ಎಲ್ಲ ಬಾಯಿಮಾತು, ಬರೆದುಕೊಟ್ಟಿದ್ದು ಏನೂ ಇಲ್ಲ. ಏನು ಮಾಡಲಿ? (ಓದುಗರು, ದಾವಣಗೆರೆ)

ಉತ್ತರ: ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಭಾಗ) ಬಿಚ್ಚಲು ಇನ್ನೂ ಒಪ್ಪಿಗೆ ಕೊಟ್ಟಿಲ್ಲವಾದರೆ ಈಗಲೇ ಕೊಡಬೇಡಿ. ವಾರಂಟಿ ಜಗಳಗಳಲ್ಲಿ ಬಹಳಷ್ಟು ಜನ ಸೋಲುವುದು ಗ್ರಾಹಕ ಆಯೋಗದ ಮುಂದೆ ಅಲ್ಲ, ವರ್ಕ್‌ಶಾಪಿನಲ್ಲೇ. ಕೆಟ್ಟ ಭಾಗವನ್ನು ಬಿಚ್ಚಿ, ಗುಜರಿಗೆ ಹಾಕಿ, ಹೊಸದು ಕೂರಿಸಿ, ಹಣ ಕಟ್ಟಿಸಿಕೊಂಡ ಮೇಲೆ ಅದು ಯಾಕೆ ಕೆಟ್ಟಿತು ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ.

ಮೊದಲ ಕೆಲಸ, ಬಾಯಿಮಾತನ್ನು ಕಾಗದಕ್ಕೆ ಇಳಿಸುವುದು. ಡೀಲರ್‌ಗೆ ಒಂದು ಇ-ಮೇಲ್ ಬರೆಯಿರಿ, ಪ್ರತಿಯನ್ನು ಕಂಪನಿಯ ಗ್ರಾಹಕ ಸೇವೆಗೂ ಹಾಕಿ. ಉದ್ದ ಬೇಡ. ಇಷ್ಟು ಸಾಕು: ‘ಇಂಥ ನೋಂದಣಿ ಸಂಖ್ಯೆ, ಇಂಥ ಚಾಸಿಸ್ ಸಂಖ್ಯೆಯ ನನ್ನ ವಾಹನವನ್ನು ಇಂಥ ದಿನ ಇಂಥ ಜಾಬ್ ಕಾರ್ಡ್ ಸಂಖ್ಯೆಯಡಿ ನಿಮ್ಮಲ್ಲಿ ಬಿಟ್ಟಿದ್ದೇನೆ. ಟರ್ಬೊ ದುರಸ್ತಿಯನ್ನು ವಾರಂಟಿಯಡಿ ಮಾಡಲಾಗದು ಎಂದು ನಿಮ್ಮ ಸರ್ವಿಸ್ ಅಡ್ವೈಸರ್ ತಿಳಿಸಿದ್ದಾರೆ. ವಾರಂಟಿ ಪುಸ್ತಿಕೆಯ ಯಾವ ಷರತ್ತಿನ ಪ್ರಕಾರ ನಿರಾಕರಿಸುತ್ತಿದ್ದೀರಿ, ತಡವಾದ ಸರ್ವಿಸಿಗೂ ಈ ದೋಷಕ್ಕೂ ಇರುವ ತಾಂತ್ರಿಕ ಸಂಬಂಧವೇನು, ಈ ತೀರ್ಮಾನ ಡೀಲರ್‌ನದೋ ಕಂಪನಿಯದೋ ಎಂಬುದನ್ನು 7 ದಿನದೊಳಗೆ ಲಿಖಿತವಾಗಿ ತಿಳಿಸಿ. ನನ್ನ ಸಮ್ಮುಖದಲ್ಲಲ್ಲದೆ ಯಾವ ಭಾಗವನ್ನೂ ಬಿಚ್ಚಬಾರದು. ಬಿಚ್ಚಿದ ಭಾಗವನ್ನು ಸೀಲ್ ಮಾಡಿ ಕಾಯ್ದಿರಿಸಬೇಕು.’ ಕೊನೆಯ ಎರಡು ವಾಕ್ಯಗಳನ್ನು ಮಾತ್ರ ಮರೆಯಬೇಡಿ.

ತೀರ್ಮಾನ ಯಾರದು ಎಂದು ಕೇಳುವುದಕ್ಕೆ ಕಾರಣವಿದೆ. ಎಷ್ಟೋ ಸಲ ಡೀಲರ್ ಕಂಪನಿಗೆ ಕ್ಲೇಮ್ ಕಳಿಸಿಯೇ ಇರುವುದಿಲ್ಲ. ತನ್ನ ಕ್ಲೇಮು ಅಲ್ಲಿ ತಿರಸ್ಕೃತವಾದರೆ ನಷ್ಟ ತನ್ನ ತಲೆಗೆ ಬರುತ್ತದೆ ಎಂಬ ಭಯದಿಂದ ಮೊದಲೇ ‘ಆಗಲ್ಲ’ ಎಂದುಬಿಡುತ್ತಾನೆ. ಕಂಪನಿಗೆ ಇ-ಮೇಲ್ ಹೋದ ಮೇಲೆ ಏರಿಯಾ ಸರ್ವಿಸ್ ಮ್ಯಾನೇಜರ್ ಬಂದು ನೋಡಿ, ವಾರಂಟಿಯಲ್ಲೇ ಮಾಡಿಕೊಟ್ಟ ಉದಾಹರಣೆಗಳು ಬೇಕಾದಷ್ಟಿವೆ.

ಈಗ ಯಂತ್ರದ ವಿಚಾರ. ಟರ್ಬೊ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಎಂಜಿನ್ ಆಯಿಲ್‌ನ ತೆಳು ಪದರದ ಮೇಲೆ ಕೂತು ತಿರುಗುತ್ತದೆ. ಹಾಗಾಗಿ ಆಯಿಲ್ ಕೆಟ್ಟರೆ ಟರ್ಬೊ ಕೆಡುತ್ತದೆ ಎಂಬುದು ಸುಳ್ಳಲ್ಲ. ಆದರೆ ಹಾಗೆ ಕೆಟ್ಟಿದ್ದರೆ ಗುರುತು ಉಳಿದಿರುತ್ತದೆ. ಆಯಿಲ್ ಕೊರತೆಯಾಗಿದ್ದರೆ ಶಾಫ್ಟು ಬಿಸಿಗೆ ನೀಲಿಗಟ್ಟಿರುತ್ತದೆ. ಆಯಿಲ್ ಕೊಳೆಯಾಗಿದ್ದರೆ ಬೇರಿಂಗಿನ ಮೇಲೆ ಸುತ್ತಲೂ ಗೀರುಗಳಿರುತ್ತವೆ. ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿದರೆ ಕಪ್ಪು ಜಿಡ್ಡು ಮೆತ್ತಿರುತ್ತದೆ. ಆಯಿಲ್ ಫಿಲ್ಟರನ್ನು ಕೊಯ್ದು ಕಾಗದ ಬಿಡಿಸಿದರೆ ಲೋಹದ ಚೂರು ಕಾಣುತ್ತದೆ. ಅಂಥ ಆಯಿಲ್ ಟರ್ಬೊವೊಂದನ್ನೇ ಹಾಳುಮಾಡಿ ಉಳಿದುದನ್ನು ಬಿಡುವುದು ಅಪರೂಪ, ಕ್ಯಾಮ್‌ಶಾಫ್ಟಿನಲ್ಲೂ ಸವೆತ ಕಾಣಿಸಬೇಕು. ಇವು ಯಾವುದೂ ಇಲ್ಲದೆ ಕೆಟ್ಟಿರುವುದು ಟರ್ಬೊವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಆಕ್ಚುಯೇಟರ್ ಆಗಿದ್ದರೆ, ಅಥವಾ ಎಕ್ಸಾಸ್ಟ್ ಕಡೆಯ ವೇನ್‌ಗಳು ಮಸಿ ಕಟ್ಟಿ ಅಂಟಿಕೊಂಡಿದ್ದರೆ, 1,400 ಕಿ.ಮೀ. ತಡವಾದ ಆಯಿಲ್ ಬದಲಾವಣೆಯ ಮೇಲೆ ತಪ್ಪು ಹೊರಿಸುವುದು ಕಷ್ಟ. ಗಾಳಿ ಒಳಬರುವ ಕಡೆಯ ರೆಕ್ಕೆಗಳು ಮುಕ್ಕಾಗಿದ್ದರೆ ಏನೋ ವಸ್ತು ಒಳಗೆ ಹೋಗಿದೆ ಎಂದರ್ಥ. ಆಗ ಕೊನೆಯ ಸಲ ಏರ್ ಫಿಲ್ಟರ್ ಬಿಚ್ಚಿ ಹಾಕಿದವರು ಯಾರು ಎಂಬುದನ್ನು ಕೇಳಬೇಕಾಗುತ್ತದೆ.

ಬಿಚ್ಚುವ ದಿನ ಎದುರಿಗೇ ನಿಂತು ಇವನ್ನೆಲ್ಲ ವಿಡಿಯೊ ಮಾಡಿಕೊಳ್ಳಿ. ಓಡೋಮೀಟರ್, ನಂಬರ್ ಪ್ಲೇಟ್, ಟರ್ಬೊ ಮೇಲಿನ ಸೀರಿಯಲ್ ಸಂಖ್ಯೆ ಒಂದೇ ವಿಡಿಯೊದಲ್ಲಿ ಎಡಿಟ್ ಇಲ್ಲದೆ ಬರಲಿ. ಸ್ಕ್ಯಾನರ್ ವರದಿಯ ಪ್ರಿಂಟ್ ಕೇಳಿ. ಪಿ0299 ಎಂದು ಬಂದಿದ್ದರೆ ಬೂಸ್ಟ್, ಅಂದರೆ ಟರ್ಬೊ ಒತ್ತುವ ಗಾಳಿ, ಕಡಿಮೆ ಎಂದು. ಆ ಕೋಡಿನ ಜೊತೆಗೆ ಬಹುತೇಕ ದೋಷ ದಾಖಲಾದ ಕ್ಷಣದ ವೇಗ, ಎಂಜಿನ್ ಬಿಸಿ ಮೊದಲಾದ ವಿವರವೂ ಉಳಿದಿರುತ್ತದೆ. ಕೋಡ್ ಅಳಿಸುವ ಮೊದಲೇ ಅದನ್ನು ಪಡೆಯಬೇಕು. ಆಯಿಲ್ ಬಸಿಯುವಾಗ ಅರ್ಧ ಲೀಟರ್ ಸ್ವಚ್ಛ ಬಾಟಲಿಗೆ ತುಂಬಿ, ಇಬ್ಬರ ಸಹಿ ಹಾಕಿಸಿ ಸೀಲ್ ಮಾಡಿಸಿ.

ಕಾನೂನಿನ ಕಡೆ ನಿಮಗೆ ಎರಡು ವಾದಗಳಿವೆ. ವಿನಾಯಿತಿ ಷರತ್ತನ್ನು ತೋರಿಸಿ ಹೊಣೆ ತಪ್ಪಿಸಿಕೊಳ್ಳುವವರೇ ಆ ಷರತ್ತು ಇಲ್ಲಿ ಅನ್ವಯಿಸುತ್ತದೆ ಎಂಬುದನ್ನು ಸಾಬೀತು ಮಾಡಬೇಕು ಎಂದು ವಿಮಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ವಾರಂಟಿಗೂ ಅದೇ ತರ್ಕವನ್ನು ಮುಂದಿಡಬಹುದು. ಇನ್ನೊಂದು, ತಡವಾದ ಆ ಮೂರನೇ ಸರ್ವಿಸನ್ನು ಮಾಡಿದ್ದು ಅವರೇ. ಹಣ ಪಡೆದರು, ಪುಸ್ತಿಕೆಗೆ ಮೊಹರು ಹಾಕಿದರು, ಆಮೇಲೆ ನಾಲ್ಕನೆಯದನ್ನೂ ಮಾಡಿದ್ದರೆ ಅದಕ್ಕೂ ಬಿಲ್ ಹಾಕಿದ್ದಾರೆ. ಆಗೆಲ್ಲ ‘ವಾರಂಟಿ ರದ್ದಾಗಿದೆ’ ಎಂದು ಒಂದು ಸಾಲನ್ನೂ ಬರೆಯದವರು ದೊಡ್ಡ ಖರ್ಚು ಎದುರಾದಾಗ ಮಾತ್ರ ಅದನ್ನು ನೆನಪಿಸಿಕೊಳ್ಳುವುದು ಸರಿಯಲ್ಲ. ಆ ಎಲ್ಲ ಬಿಲ್‌ಗಳ ಪ್ರತಿ ತೆಗೆದಿಟ್ಟುಕೊಳ್ಳಿ.

ಕಾರು ತುರ್ತಾಗಿ ಬೇಕೇ ಬೇಕು ಎಂದಾದರೆ ಹಣ ಕಟ್ಟಿ ಬಿಡಿಸಿಕೊಳ್ಳಿ. ಆದರೆ ಕಟ್ಟುವ ಮೊದಲು ‘ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡು, ಆಕ್ಷೇಪಣೆಯೊಂದಿಗೆ ಪಾವತಿಸುತ್ತಿದ್ದೇನೆ’ ಎಂದು ಇ-ಮೇಲ್ ಕಳಿಸಿ, ಹಳೆಯ ಟರ್ಬೊವನ್ನು ಕೇಳಿ ಮನೆಗೆ ತನ್ನಿ. ‘ಕೆಲಸ ತೃಪ್ತಿಕರವಾಗಿದೆ, ಯಾವ ದೂರೂ ಇಲ್ಲ’ ಎಂದು ಮುದ್ರಿಸಿದ ಚೀಟಿಗೆ ಸಹಿ ಕೇಳುತ್ತಾರೆ. ಅದರ ಮೇಲೂ ‘ಆಕ್ಷೇಪಣೆಯೊಂದಿಗೆ’ ಎಂದು ಕೈಯಲ್ಲಿ ಬರೆದೇ ಸಹಿ ಮಾಡಿ.

ಪ್ರಶ್ನೆ: ಸರ, ನಾನು ನನ್ನ ಸ್ವಂತ ಕಾರನ್ನ ಟ್ಯಾಕ್ಸಿ ಮಾಡಿ ಓಡಸ್ತೀನಿ, ಹಳದಿ ಬೋರ್ಡ್. 11 ತಿಂಗಳಾತು, 38,000 ಕಿ.ಮೀ. ಆಗೇತಿ. ಈಗ ಕ್ಲಚ್ ಜಾರಾಕ ಹತ್ತೇತಿ. ‘ಕ್ಲಚ್ ಪ್ಲೇಟ್ ಸವೆಯೋ ಸಾಮಾನು, ಅದಕ್ಕ ವಾರಂಟಿ ಇಲ್ಲ’ ಅಂತಾರ. ‘ಟ್ಯಾಕ್ಸಿ ಅಂದ್ರ ಗ್ರಾಹಕರ ಕೋರ್ಟಿಗೂ ಹೋಗಾಕ ಬರೂದಿಲ್ಲ’ ಅಂತನೂ ಹೇಳ್ತಾರ. ಖರೇನ? (ಓದುಗರು, ಹುಬ್ಬಳ್ಳಿ)

ಉತ್ತರ: ಎರಡನೆಯ ಮಾತು ಖರೆ ಅಲ್ಲ. ವ್ಯಾಪಾರಕ್ಕಾಗಿ ಕೊಂಡವರು ‘ಗ್ರಾಹಕ’ ಅಲ್ಲ ಎಂದು ಕಾನೂನು ಹೇಳುವುದು ನಿಜ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲಷ್ಟೇ ಕೊಂಡಿದ್ದರೆ ಅದು ವ್ಯಾಪಾರಿ ಉದ್ದೇಶವಲ್ಲ ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವಿವರಣೆಯಲ್ಲೇ ಇದೆ. ಆಟೊ ಕೊಂಡು ತಾನೇ ಓಡಿಸಿ ಜೀವನ ಸಾಗಿಸುವವನು ಗ್ರಾಹಕನೇ ಎಂದು 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಉದಾಹರಣೆ ಕೊಟ್ಟೇ ಹೇಳಿದೆ. ದೂರಿನ ಮೊದಲ ಪ್ಯಾರಾದಲ್ಲೇ ‘ಈ ಒಂದೇ ವಾಹನವಿದೆ, ನಾನೇ ಓಡಿಸುತ್ತೇನೆ, ಕುಟುಂಬದ ಜೀವನಾಧಾರ ಇದೇ’ ಎಂದು ಬರೆದು, ನಿಮ್ಮ ಚಾಲನಾ ಪರವಾನಗಿ ಮತ್ತು ಪರ್ಮಿಟ್ ಪ್ರತಿ ಲಗತ್ತಿಸಿ. ಈ ವಾಕ್ಯ ಬಿಟ್ಟುಹೋದರೆ ಎದುರುದಾರರ ಮೊದಲ ತಕರಾರು ಇದೇ ಆಗುತ್ತದೆ. ನಾಲ್ಕು ಕಾರಿಟ್ಟು ಡ್ರೈವರ್‌ಗಳಿಂದ ಓಡಿಸುವವರಿಗೆ ಈ ರಕ್ಷಣೆ ಸಿಗುವುದು ಕಷ್ಟ.

ಮೊದಲನೆಯ ಮಾತು ಅರ್ಧ ಖರೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್, ಫಿಲ್ಟರ್‌ಗಳನ್ನು ಬಹುತೇಕ ಎಲ್ಲ ಕಂಪನಿಗಳೂ ವಾರಂಟಿಯಿಂದ ಹೊರಗಿಟ್ಟಿವೆ. ಆದರೆ ಕೇಳಬೇಕಾದ್ದು ಪ್ಲೇಟ್ ಯಾಕೆ ಸವೆಯಿತು ಎಂಬುದನ್ನು. ಗೇರ್‌ಬಾಕ್ಸ್ ಇಳಿಸಿದಾಗ ನೀವು ಅಲ್ಲೇ ಇರಿ. ಪ್ಲೇಟಿನ ಮೇಲೆ ಎಣ್ಣೆ ಜಿಡ್ಡು ಇದೆಯೇ ನೋಡಿ. ಎಂಜಿನ್ನಿನ ಹಿಂದಿನ ಕ್ರ್ಯಾಂಕ್ ಆಯಿಲ್ ಸೀಲ್ ಅಥವಾ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್ ಸೋರಿದರೆ ಎಣ್ಣೆ ಪ್ಲೇಟಿಗೆ ತಾಗಿ ಅದು ಜಾರುತ್ತದೆ, ಜಾರಿ ಜಾರಿ ಸುಡುತ್ತದೆ. ಹಾಗಿದ್ದರೆ ಮೂಲ ದೋಷ ಸೀಲಿನದು. ಸೀಲಿಗೆ ವಾರಂಟಿ ಇದ್ದರೆ ಅದರಿಂದ ಹಾಳಾದ ಪ್ಲೇಟನ್ನೂ ಅವರೇ ಹಾಕಿಕೊಡಬೇಕೆಂದು ಕೇಳುವ ಹಕ್ಕು ನಿಮ್ಮದು. ಪ್ಲೇಟಿನ ನಡುವಿನ ಸ್ಪ್ರಿಂಗ್ ಮುರಿದಿದ್ದರೆ, ಲೈನಿಂಗ್ ಸವೆಯದೆ ತುಂಡು ತುಂಡಾಗಿ ಕಿತ್ತುಬಂದಿದ್ದರೆ, ಅದೂ ಸವೆತವಲ್ಲ.

ಇನ್ನು ಲೈನಿಂಗ್ ಎರಡೂ ಕಡೆ ಸಮನಾಗಿ ರಿವೆಟ್ ತಲೆಯವರೆಗೆ ತೆಳ್ಳಗಾಗಿದ್ದು, ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿನ ಮೇಲೆ ನೀಲಿ ಕಲೆಗಳಿದ್ದು, ಎಲ್ಲೂ ಎಣ್ಣೆ ಇಲ್ಲವೆಂದಾದರೆ ಅದು ಬಳಕೆಯ ಸವೆತ. ಊರೊಳಗಿನ ಟ್ರಾಫಿಕ್‌ನಲ್ಲಿ ಅರ್ಧ ಕ್ಲಚ್ ಒತ್ತಿಕೊಂಡೇ ಓಡಿಸಿದರೆ 38,000ಕ್ಕೆ ಹೀಗಾಗುವುದುಂಟು. ಆಗ ಕೇಸಿಗೆ ಓಡಾಡಿ ಬಾಡಿಗೆ ಕಳೆದುಕೊಳ್ಳಬೇಡಿ, ಪ್ಲೇಟ್ ಹಾಕಿಸಿಬಿಡಿ. ಒಂದು ವಿಷಯ ಮಾತ್ರ ಪುಸ್ತಿಕೆಯಲ್ಲಿ ಈಗಲೇ ನೋಡಿಕೊಳ್ಳಿ. ಹಳದಿ ಬೋರ್ಡಿಗೆ ವಾರಂಟಿಯ ಅವಧಿ ಬೇರೆ ಇರುವುದುಂಟು.

ಪ್ರಶ್ನೆ: ಹೊರಗಿನ ಅಂಗಡಿಯಲ್ಲಿ ಆಂಡ್ರಾಯ್ಡ್ ಸ್ಟೀರಿಯೊ, ರಿವರ್ಸ್ ಕ್ಯಾಮೆರಾ ಹಾಕಿಸಿದ್ದೆ. ಎಂಟು ತಿಂಗಳ ಮೇಲೆ ಎ.ಸಿ. ಕಂಪ್ರೆಸರ್ ನಿಂತುಹೋಗಿದೆ. ‘ವೈರಿಂಗ್ ಮುಟ್ಟಿದ್ದೀರಿ, ಎಲೆಕ್ಟ್ರಿಕಲ್ ವಾರಂಟಿ ಪೂರ್ತಿ ಹೋಯಿತು’ ಎನ್ನುತ್ತಿದ್ದಾರೆ. (ಓದುಗರು, ಮೈಸೂರು)

ಉತ್ತರ: ಸ್ಟೀರಿಯೊಗೂ ಕಂಪ್ರೆಸರ್‌ಗೂ ಏನು ಸಂಬಂಧ ಎಂದು ಲಿಖಿತವಾಗಿ ಕೇಳಿ. ಕಂಪ್ರೆಸರ್ ಸಾಯುವ ಸಾಮಾನ್ಯ ಕಾರಣಗಳೆಂದರೆ ಗ್ಯಾಸ್ ಸೋರಿ ಅದರ ಜೊತೆ ಎಣ್ಣೆಯೂ ಹೋಗಿ ಒಳಗೆ ಹಿಡಿದುಕೊಳ್ಳುವುದು, ಬೇರಿಂಗ್ ಹೋಗುವುದು, ಮ್ಯಾಗ್ನೆಟಿಕ್ ಕ್ಲಚ್ಚಿನ ಕಾಯಿಲ್ ಸುಡುವುದು. ಕ್ಲಚ್ ಇರುವ ಕಂಪ್ರೆಸರ್ ಆದರೆ ಕಾಯಿಲ್‌ನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 3ರಿಂದ 5 ಓಮ್ ಇರುತ್ತದೆ. ಮಲ್ಟಿಮೀಟರ್ ಇರುವ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಎರಡು ನಿಮಿಷದಲ್ಲಿ ನೋಡಿ ಹೇಳಬಹುದು.

2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಬಾರದು, ಹೊರಗಿನ ತಪ್ಪು ಕೆಲಸದಿಂದ ಎಷ್ಟು ಹಾನಿಯಾಗಿದೆಯೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ನಿರ್ದೇಶನಗಳಲ್ಲೊಂದು. ಕಂಪನಿಗಳು ಅದನ್ನು ಮೇಲಿನ ಹಂತಗಳಲ್ಲಿ ಪ್ರಶ್ನಿಸಿದವು. ಹಾಗಾಗಿ ಅದನ್ನೇ ಏಕೈಕ ಆಧಾರ ಮಾಡಿಕೊಳ್ಳದೆ, ನಿಮ್ಮ ಪುಸ್ತಿಕೆಯ ಷರತ್ತಿನ ಜೊತೆಗೆ ಪೂರಕವಾಗಿ ಹೇಳಿ.

ಸ್ಟೀರಿಯೊ ಹಾಕಿದವರು ಕಪ್ಲರ್‌ಗೆ ಕಪ್ಲರ್ ಸೇರಿಸಿದ್ದಾರೋ, ಮೂಲ ವೈರನ್ನು ಕತ್ತರಿಸಿ ಟೇಪ್ ಸುತ್ತಿದ್ದಾರೋ ನೋಡಿಸಿ. ಕಪ್ಲರ್ ಆದರೆ ಫೋಟೊ ತೆಗೆದಿಡಿ, ನಿಮ್ಮ ಪಕ್ಷ ಗಟ್ಟಿ. ವೈರ್ ಕತ್ತರಿಸಿದ್ದು, ಸುಟ್ಟಿರುವುದು ಅದೇ ಫ್ಯೂಸಿನ ಸಾಲಿನದೋ ಕಾರಿನ ವಿದ್ಯುತ್ ಉಪಕರಣಗಳನ್ನು ನಿಯಂತ್ರಿಸುವ ಬಾಡಿ ಕಂಟ್ರೋಲ್ ಮಾಡ್ಯೂಲೋ ಆಗಿದ್ದರೆ ಅವರ ನಿರಾಕರಣೆಗೆ ಅರ್ಥವಿದೆ.

ಪ್ರಶ್ನೆ: ಜುಲೈ ಮಳೆಯಲ್ಲಿ ನೀರು ನಿಂತ ರಸ್ತೆಯಲ್ಲಿ ಕಾರು ಬಂದ್ ಆಯಿತು. ಎರಡು ಸಲ ಸ್ಟಾರ್ಟ್ ಮಾಡಿ ನೋಡಿದೆ, ಆಗಲಿಲ್ಲ. ಕನೆಕ್ಟಿಂಗ್ ರಾಡ್ ಬಗ್ಗಿದೆಯಂತೆ. ಕಾರಿಗೆ ವರ್ಷವೂ ಆಗಿಲ್ಲ, ವಾರಂಟಿ ಕೊಡುವುದಿಲ್ಲ ಎನ್ನುತ್ತಾರೆ. (ಓದುಗರು, ಉಡುಪಿ)

ಉತ್ತರ: ಇಲ್ಲಿ ಕಂಪನಿ ಹೇಳುವುದು ಸರಿ. ಸಿಲಿಂಡರಿನೊಳಗೆ ನೀರು ಹೋದರೆ ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾಗದೆ ರಾಡ್ ಬಗ್ಗುತ್ತದೆ. ಇದು ತಯಾರಿಕೆಯ ದೋಷವಲ್ಲ. ಏರ್ ಫಿಲ್ಟರ್ ಒದ್ದೆಯಾಗಿದ್ದು ಇನ್‌ಟೇಕ್ ಪೈಪಿನಲ್ಲಿ ನೀರಿನ ಗುರುತಿದ್ದರೆ ವಾದ ಮುಗಿದಂತೆ. ನಿಮ್ಮ ದಾರಿ ವಿಮೆಯದು. ಪಾಲಿಸಿಯಲ್ಲಿ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ಕವರ್ ಇದೆಯೇ ನೋಡಿ, ಎಂಜಿನ್ ಬಿಚ್ಚುವ ಮೊದಲೇ ವಿಮಾ ಕಂಪನಿಗೆ ತಿಳಿಸಿ ಸರ್ವೇಯರ್ ಬಂದು ನೋಡುವಂತೆ ಮಾಡಿ. ಅವರೂ ತಿರಸ್ಕರಿಸಿದರೆ ಅವರ ಕುಂದುಕೊರತೆ ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ನೀರಿನಲ್ಲಿ ಬಂದ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬಾರದು, ತಳ್ಳಿ ಹೊರತಂದು ಟೋ ಮಾಡಿಸಬೇಕು. ಮತ್ತೆ ಮತ್ತೆ ಸ್ಟಾರ್ಟ್ ಮಾಡಿದಿರಿ ಎಂಬುದನ್ನೇ ವಿಮೆಯವರು ನಿರಾಕರಣೆಗೆ ಕಾರಣ ಮಾಡಿಕೊಳ್ಳುತ್ತಾರೆ.

ಪ್ರಶ್ನೆ: ಪೆಟ್ರೋಲ್ ಕಾರಿನ ಇಂಜೆಕ್ಟರ್ ಮತ್ತು ಫ್ಯೂಯೆಲ್ ಪಂಪ್ ಹೋಗಿವೆ. ‘ಕಲಬೆರಕೆ ಪೆಟ್ರೋಲ್ ಹಾಕಿಸಿದ್ದೀರಿ’ ಎಂದು ಒಂದೇ ಸಾಲಿನಲ್ಲಿ ಕ್ಲೇಮ್ ತಿರಸ್ಕರಿಸಿದ್ದಾರೆ. ಯಾವ ಪರೀಕ್ಷೆಯನ್ನೂ ಮಾಡಿಲ್ಲ. (ಓದುಗರು, ಬಳ್ಳಾರಿ)

ಉತ್ತರ: ಪರೀಕ್ಷೆ ಮಾಡದೆ ಕಲಬೆರಕೆ ಎಂದು ಹೇಳುವುದು ಊಹೆ. ಟ್ಯಾಂಕಿನಲ್ಲಿ ಇನ್ನೂ ಪೆಟ್ರೋಲ್ ಇದ್ದರೆ ನಿಮ್ಮೆದುರೇ ಮೂರು ಮಾದರಿ ತೆಗೆಸಿ, ತಲಾ ಒಂದು ಲೀಟರ್: ಒಂದು ಲ್ಯಾಬಿಗೆ, ಒಂದು ಅವರಿಗೆ, ಒಂದು ನಿಮಗೆ. ಬಿಗಿ ಮುಚ್ಚಳದ ಅಲ್ಯೂಮಿನಿಯಂ ಡಬ್ಬಿ ಬೇಕು, ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿ ಬೇಡ. ಡಬ್ಬಿಯ ಮೇಲೆ ದಿನಾಂಕ, ವಾಹನ ಸಂಖ್ಯೆ, ಇಬ್ಬರ ಸಹಿ ಇರಲಿ. ಪೆಟ್ರೋಲ್ ಸಾಂದ್ರತೆ 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಘನ ಮೀಟರಿಗೆ 720ರಿಂದ 775 ಕಿಲೊ ಒಳಗಿರಬೇಕು. ಆದರೆ ಅದೊಂದನ್ನೇ ನೋಡಿ ಒಳ್ಳೆಯದು ಕೆಟ್ಟದ್ದು ಎನ್ನಲಾಗದು, ಲ್ಯಾಬಿನ ಪೂರ್ಣ ವರದಿಯೇ ಬೇಕು.

ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ಇನ್ನೊಂದು ಸಾಧ್ಯತೆಯಿದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥೆನಾಲ್ ಅದರ ಜೊತೆ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಪಂಪ್ ಎಳೆಯುವುದೂ ತಳದಿಂದಲೇ. ಗಾಜಿನ ಜಾಡಿಯಲ್ಲಿ ಮಾದರಿಯನ್ನು ಅರ್ಧ ಗಂಟೆ ಅಲುಗಾಡಿಸದೆ ಇಟ್ಟರೆ ಎರಡು ಪದರ ಕಣ್ಣಿಗೇ ಕಾಣುತ್ತವೆ. ಹಾಗೆ ಕಂಡರೆ ನಿಮ್ಮ ಜಗಳ ಕಾರು ಕಂಪನಿಯ ಜೊತೆಗಲ್ಲ, ಬಂಕಿನ ಜೊತೆಗೆ. ಆಗ ಬೇಕಾಗುವುದು ಬಂಕಿನ ಬಿಲ್ ಅಥವಾ ಯುಪಿಐ ಪಾವತಿಯ ದಾಖಲೆ. ತಡಮಾಡದೆ ತೈಲ ಕಂಪನಿಗೂ ಜಿಲ್ಲೆಯ ಆಹಾರ ಇಲಾಖೆಗೂ ದೂರು ಕೊಡಿ, ಬಂಕಿನ ಟ್ಯಾಂಕಿಗೆ ಹೊಸ ಲೋಡ್ ಬಿದ್ದ ಮೇಲೆ ಹಳೆಯದನ್ನು ತೋರಿಸಲಾಗುವುದಿಲ್ಲ. ಮಾದರಿ ಸ್ವಚ್ಛ ಎಂದು ಲ್ಯಾಬ್ ಹೇಳಿದರೆ ಆ ವರದಿಯನ್ನು ಇ-ಮೇಲ್‌ಗೆ ಲಗತ್ತಿಸಿ ಕ್ಲೇಮನ್ನು ಮರುಪರಿಶೀಲಿಸಲು ಕಂಪನಿಗೆ ಬರೆಯಿರಿ.

ಪ್ರಶ್ನೆ: ಕಂಪನಿಯವರು ಎರಡು ತಿಂಗಳಿಂದ ‘ಪರಿಶೀಲಿಸುತ್ತಿದ್ದೇವೆ’ ಎನ್ನುತ್ತಲೇ ಇದ್ದಾರೆ. ಗ್ರಾಹಕ ಆಯೋಗಕ್ಕೆ ಹೋಗಬೇಕೆಂದಿದ್ದೇನೆ. ಕಾರಿನ ಬೆಲೆ 12 ಲಕ್ಷ. ಕೊಂಡದ್ದು ಹೈದರಾಬಾದಿನಲ್ಲಿ, ಇರುವುದು ಇಲ್ಲಿ. ವಕೀಲರು ಬೇಕೇ? ಎಷ್ಟು ಖರ್ಚು, ಎಷ್ಟು ಕಾಲ? (ಓದುಗರು, ಕಲಬುರಗಿ)

ಉತ್ತರ: ನೀವು ಹೈದರಾಬಾದಿಗೆ ಹೋಗಬೇಕಿಲ್ಲ. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿವರೆಗೆ ರಾಜ್ಯ ಆಯೋಗ. ಇಲ್ಲಿ ಲೆಕ್ಕಕ್ಕೆ ಬರುವುದು ನೀವು ಕೇಳುವ ಪರಿಹಾರವಲ್ಲ, ಕಾರಿಗೆ ಕೊಟ್ಟ ಬೆಲೆ. ಶುಲ್ಕವೂ ಅದರ ಮೇಲೆಯೇ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂ., 20 ಲಕ್ಷದವರೆಗೆ 400 ರೂ., 50 ಲಕ್ಷದವರೆಗೆ 1,000 ರೂ. ನಿಮಗೆ 400 ರೂ. ಆಗುತ್ತದೆ.

ದೂರು ಕೊಡಲು ಗಡುವು 2 ವರ್ಷ, ದೂರಿಗೆ ಕಾರಣ ಹುಟ್ಟಿದ ದಿನದಿಂದ. ಕ್ಲೇಮ್ ನಿರಾಕರಿಸಿದ ದಿನವನ್ನೇ ಆ ದಿನವೆಂದು ಇಟ್ಟುಕೊಳ್ಳಿ. ಆಮೇಲೆ ಎಷ್ಟು ಇ-ಮೇಲ್ ಓಡಾಡಿದರೂ ಗಡುವು ಮುಂದಕ್ಕೆ ಹೋಗುವುದಿಲ್ಲ. ‘ಪರಿಶೀಲಿಸುತ್ತಿದ್ದೇವೆ’ ಎಂಬ ಮಾತನ್ನು ನಂಬಿ ಕೂತವರು ಇಲ್ಲಿಯೇ ಎಡವುತ್ತಾರೆ. ಹಾಗೆಯೇ, ಈ ನಡುವೆ ವಾರಂಟಿ ಅವಧಿ ಮುಗಿದರೂ ಹೆದರಬೇಡಿ. ದೋಷವನ್ನು ಅವಧಿಯೊಳಗೆ ತಿಳಿಸಿದ್ದಕ್ಕೆ ಜಾಬ್ ಕಾರ್ಡ್ ಇದ್ದರೆ ಸಾಕು.

ಆಯೋಗಕ್ಕೆ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅವರಿಗೆ ಆದೇಶ ಮಾಡುವ ಅಧಿಕಾರವಿಲ್ಲ, ದೂರನ್ನು ಕಂಪನಿಗೆ ಕಳಿಸುತ್ತಾರೆ ಅಷ್ಟೆ. ಆದರೆ ಎಷ್ಟೋ ಕಂಪನಿಗಳಲ್ಲಿ ಅಂಥ ದೂರು ಡೀಲರ್‌ನನ್ನು ದಾಟಿ ಮೇಲಿನವರ ಮೇಜಿಗೆ ಹೋಗುತ್ತದೆ. ಅಲ್ಲೂ ಆಗದಿದ್ದರೆ ಡೀಲರ್ ಮತ್ತು ಕಂಪನಿ ಇಬ್ಬರಿಗೂ 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ, ತಲುಪಿದ ದಾಖಲೆಯನ್ನು ಮುದ್ರಿಸಿಟ್ಟುಕೊಳ್ಳಿ. ನೋಟಿಸ್ ಕಡ್ಡಾಯವಲ್ಲ, ಆದರೆ ಅದಕ್ಕೆ ಉತ್ತರ ಕೊಡದ ಎದುರುದಾರರನ್ನು ಆಯೋಗ ಗಮನಿಸುತ್ತದೆ.

ವಕೀಲರು ಕಡ್ಡಾಯವಲ್ಲ. ನೀವೇ ವಾದಿಸಬಹುದು, ದೂರನ್ನು ಕನ್ನಡದಲ್ಲೇ ಬರೆಯಬಹುದು, ಗ್ರಾಹಕ ಆಯೋಗಗಳ ಇ-ಜಾಗೃತಿ ಪೋರ್ಟಲಿನಲ್ಲಿ ಆನ್‌ಲೈನ್ ಸಲ್ಲಿಸಬಹುದು. ಆದರೂ ತಾಂತ್ರಿಕ ತಜ್ಞರ ಸಾಕ್ಷ್ಯ, ಪಾಟಿ ಸವಾಲು ಬರುವಂಥ ಎಂಜಿನ್ ಪ್ರಕರಣಗಳಿಗೆ ಅನುಭವಿ ವಕೀಲರಿದ್ದರೆ ಒಳ್ಳೆಯದು. ದೂರಿನಲ್ಲಿ ಕಂಪನಿ ಮತ್ತು ಡೀಲರ್ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ‘ತಪ್ಪು ಅವರದು’ ಎಂದು ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ. ಡೀಲರ್ ಮಾಡಿದ್ದಕ್ಕೆಲ್ಲ ಕಂಪನಿ ತಾನಾಗಿಯೇ ಹೊಣೆಯಾಗುವುದಿಲ್ಲ ಎಂದು 2021ರಲ್ಲಿ ಟಾಟಾ ಮೋಟಾರ್ಸ್ ಮತ್ತು ಆಂಟೋನಿಯೊ ಪಾವ್ಲೊ ವಾಜ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಯಾರು ಏನು ಮಾಡಿದರು ಎಂಬುದನ್ನು ಬೇರೆ ಬೇರೆಯಾಗಿ ಬರೆಯಿರಿ. ಕಂಪನಿಗೆ ನೀವು ಕಳಿಸಿದ ಇ-ಮೇಲ್‌ಗಳು ಅದಕ್ಕೆ ವಿಷಯ ಗೊತ್ತಿತ್ತು ಎಂದು ತೋರಿಸುತ್ತವೆ.

ದಿನಾಂಕವಾರು ಘಟನಾವಳಿ, ಇನ್‌ವಾಯ್ಸ್, ಆರ್‌ಸಿ, ವಾರಂಟಿ ಪುಸ್ತಿಕೆಯ ಎಲ್ಲ ಪುಟಗಳು, ಎಲ್ಲ ಸರ್ವಿಸ್ ಬಿಲ್ ಮತ್ತು ಜಾಬ್ ಕಾರ್ಡ್, ನಿರಾಕರಣೆಯ ಪತ್ರ, ನೋಟಿಸ್, ಅಫಿಡವಿಟ್, ಇಷ್ಟು ಲಗತ್ತಿಸಿ. ವಾಟ್ಸ್‌ಆ್ಯಪ್ ಸಂದೇಶ, ವಿಡಿಯೊಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ) ಪ್ರಮಾಣಪತ್ರವನ್ನೂ ಕೊಡುವುದು ಕ್ಷೇಮ.

ತಯಾರಿಕೆಯ ದೋಷ ಎಂದು ಹೇಳುತ್ತಿದ್ದರೆ ತಜ್ಞರ ವರದಿ ಇಲ್ಲದೆ ಗೆಲ್ಲುವುದು ಕಷ್ಟ. ಕಾಯ್ದೆಯ 38ನೇ ಕಲಮಿನ ಪ್ರಕಾರ, ಪರೀಕ್ಷೆ ಮಾಡದೆ ದೋಷ ತಿಳಿಯದು ಎಂದಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಶುಲ್ಕವನ್ನು ನಿಮ್ಮಿಂದ ಕಟ್ಟಿಸಿಕೊಳ್ಳಬಹುದು. ದೂರಿನ ಜೊತೆಗೇ ಅರ್ಜಿ ಹಾಕಿ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ವಿಭಾಗದವರನ್ನೋ ಮೋಟಾರು ವಾಹನ ನಿರೀಕ್ಷಕರನ್ನೋ ನೇಮಿಸಲು ಕೋರಿ. ಕೆಟ್ಟ ಭಾಗ ಡೀಲರ್ ಬಳಿಯೇ ಇದ್ದರೆ ಅದನ್ನು ವಿಲೇವಾರಿ ಮಾಡಬಾರದೆಂದು ಮಧ್ಯಂತರ ಆದೇಶವನ್ನೂ ಮೊದಲ ದಿನವೇ ಕೇಳಿ.

ಏನು ಕೇಳಬೇಕು ಎಂಬುದರಲ್ಲಿ ಹಿಡಿತವಿರಲಿ. ವಾರಂಟಿ ಷರತ್ತು ಭಾಗ ಬದಲಿಸುವುದಕ್ಕೆ ಸೀಮಿತವಾಗಿದ್ದರೆ ಇಡೀ ಕಾರು ಬದಲಿಸಿ ಎನ್ನಲಾಗದು ಎಂದು 2006ರಲ್ಲಿ ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಉಚಿತ ದುರಸ್ತಿ ಅಥವಾ ಕಟ್ಟಿದ ಹಣ ಬಡ್ಡಿಸಹಿತ ವಾಪಸ್, ರಸೀದಿ ಇರುವ ಬಾಡಿಗೆ ವಾಹನದ ಖರ್ಚು, ಮಾನಸಿಕ ಯಾತನೆಗೆ ಒಂದು ಮೊತ್ತ, ದಾವೆಯ ವೆಚ್ಚ. ಇವನ್ನು ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು. ಅದೇ ದೋಷ ನಾಲ್ಕೈದು ಸಲ ದುರಸ್ತಿಯಾದರೂ ಮರಳಿ ಬಂದಿದ್ದರೆ, ಅಥವಾ ಜೀವಕ್ಕೆ ಅಪಾಯವಿರುವ ದೋಷವಾದರೆ ಕಾರು ಬದಲಾವಣೆ ಕೇಳಲು ಬಲವಿದೆ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದಿದ್ದ ಪ್ರಕರಣದಲ್ಲಿ ಪರಿಹಾರದ ಜೊತೆ ಕಾರು ಬದಲಿಸಿಕೊಡಬೇಕೆಂಬ ಆದೇಶವನ್ನು ಸುಪ್ರೀಂ ಕೋರ್ಟ್ 2022ರಲ್ಲಿ ಎತ್ತಿಹಿಡಿದಿದೆ.

ಎದುರುದಾರರು ಉತ್ತರ ಸಲ್ಲಿಸಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದನ್ನು ಮೀರಿ ಸಮಯ ಕೊಡಲು ಆಯೋಗಕ್ಕೆ ಅಧಿಕಾರವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. 46ನೇ ದಿನ ಉತ್ತರ ತಂದರೆ ಆಕ್ಷೇಪಿಸಿ. ಪರೀಕ್ಷೆ ಬೇಡದ ಪ್ರಕರಣ 3 ತಿಂಗಳಲ್ಲಿ, ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಅದಕ್ಕೆ ಮನಸ್ಸು ಸಿದ್ಧವಿರಲಿ. ಮಧ್ಯಸ್ಥಿಕೆಗೆ ಒಪ್ಪುತ್ತೀರಾ ಎಂದು ಆಯೋಗ ಕೇಳಿದರೆ ಒಪ್ಪಿ ನೋಡಿ. ಆ ಹಂತದಲ್ಲಿ ಕಂಪನಿಗಳು ದುರಸ್ತಿ ವೆಚ್ಚ ಕೊಟ್ಟು ಮುಗಿಸಲು ಮುಂದಾಗುವುದುಂಟು. ಗೆದ್ದ ಮೇಲೆ ಅವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನದೊಳಗೆ, ಆದೇಶದ ಅರ್ಧ ಮೊತ್ತವನ್ನು ಠೇವಣಿ ಇಟ್ಟು ಹೋಗಬೇಕು. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಅಥವಾ 25,000ದಿಂದ 1 ಲಕ್ಷ ರೂ.ವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಪ್ರಶ್ನೆ: ನಾಲ್ಕು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ಮೊದಲ ಮಾಲೀಕರು ಎಕ್ಸ್‌ಟೆಂಡೆಡ್ ವಾರಂಟಿ ಮಾಡಿಸಿದ್ದರು, ಇನ್ನೂ ಒಂದು ವರ್ಷವಿದೆ. ಈಗ ಸ್ಟೀರಿಂಗ್ ರ‍್ಯಾಕ್ ಕೆಟ್ಟಿದೆ. ‘ನಿಮ್ಮ ಹೆಸರಿಗೆ ವರ್ಗವಾಗಿಲ್ಲ’ ಎನ್ನುತ್ತಾರೆ. (ಓದುಗರು, ತುಮಕೂರು)

ಉತ್ತರ: ಎಕ್ಸ್‌ಟೆಂಡೆಡ್ ವಾರಂಟಿ ಬಹಳ ಸಲ ಕಾರು ಕಂಪನಿಯದಾಗಿರುವುದಿಲ್ಲ, ಬೇರೆ ಸಂಸ್ಥೆಯೊಂದರ ಕರಾರು. ಮೊದಲು ಆ ಕರಾರಿನ ಪ್ರತಿಯನ್ನು ಹಳೆಯ ಮಾಲೀಕರಿಂದ ಪಡೆದು, ಹೊಣೆ ಹೊತ್ತವರ ಹೆಸರು ಯಾವುದು, ವರ್ಗಾವಣೆಗೆ ಎಷ್ಟು ದಿನದ ಗಡುವು, ಎಷ್ಟು ಶುಲ್ಕ ಎಂಬುದನ್ನು ಓದಿ. ಗಡುವು ಇನ್ನೂ ಮೀರಿಲ್ಲವಾದರೆ ಇವತ್ತೇ ಹೊಸ ಆರ್‌ಸಿ ಪ್ರತಿಯೊಂದಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗಡುವಿನ ಮಾತೇ ಕರಾರಿನಲ್ಲಿ ಇಲ್ಲದಿದ್ದರೆ, ಅಥವಾ ‘ವಾಹನದೊಂದಿಗೆ ವರ್ಗವಾಗುತ್ತದೆ’ ಎಂದು ಬರೆದಿದ್ದರೆ ನಿರಾಕರಣೆ ನಿಲ್ಲುವುದಿಲ್ಲ. ಗಡುವು ಸ್ಪಷ್ಟವಾಗಿದ್ದು ತಿಂಗಳುಗಟ್ಟಲೆ ಮೀರಿದ್ದರೆ ಪ್ರಕರಣ ದುರ್ಬಲ. ಆಗ ಕಾರು ಮಾರಿದ ಡೀಲರ್ ‘ವಾರಂಟಿ ಬಾಕಿಯಿದೆ’ ಎಂದು ಜಾಹೀರಾತಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಹೇಳಿದ್ದರೆ ಅವರ ಮೇಲೆ ಹೋಗಬಹುದು.

ರ‍್ಯಾಕ್ ಬಿಚ್ಚುವ ಮೊದಲು ಇನ್ನೊಂದು ಷರತ್ತನ್ನೂ ನೋಡಿ: ಇಂಥ ಎಷ್ಟೋ ಕರಾರುಗಳು ದುರಸ್ತಿಗೆ ಮುಂಚೆ ಅನುಮತಿ ಪಡೆಯಬೇಕು ಎನ್ನುತ್ತವೆ. ಅನುಮತಿಯಿಲ್ಲದೆ ಬಿಚ್ಚಿದರೆ ಅದೇ ಅವರಿಗೆ ಹೊಸ ಕಾರಣವಾಗುತ್ತದೆ. ಕೇಸು ಹಾಕುವುದಾದರೆ ದೂರನ್ನು ‘ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ’ ಎಂದೇ ಬರೆಯಿರಿ. ‘ಕರಾರೇ ಅನ್ಯಾಯದ್ದು, ರದ್ದು ಮಾಡಿ’ ಎಂದು ಬರೆದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ, ಅನ್ಯಾಯದ ಕರಾರುಗಳ ದೂರನ್ನು ಕೇಳುವ ಅಧಿಕಾರ ರಾಜ್ಯ ಆಯೋಗದಿಂದ ಮೇಲಿನವರಿಗೆ ಮಾತ್ರ ಇದೆ.